ಊದದ ಕೈ

ಆ ಆಲೆಮನೆ ಇದ್ದದ್ದು ಕೊಪ್ಪದ ಹತ್ತಿರವೋ ಬೆಸಗರಹಳ್ಳಿಯ ಹತ್ತಿರವೋ ಎಂದು ನನಗೂ ನನ್ನ ಹೆಂಡತಿಗೂ ಇವತ್ತಿಗೂ ವಾದವಿದೆ. ಅವಳು ಆಗ ನನ್ನ ಜೊತೆ ಇರಲಿಲ್ಲ, ನಮಗಿನ್ನೂ ಮದುವೆಯೇ ಆಗಿರಲಿಲ್ಲ. ಆದರೂ ಮದುವೆಯಾದ ಹೊಸತರಲ್ಲಿ ನಾನು ಕೊಪ್ಪ ಎಂದೇ ಹೇಳಿದ್ದೆ, ಈಗ ವಯಸ್ಸಾದ ಮೇಲೆ ಬೆಸಗರಹಳ್ಳಿ ಎನ್ನಲು ಶುರುಮಾಡಿದ್ದೇನೆ ಎಂಬುದು ಅವಳ ಆರೋಪ. ಅವಳು ಅದನ್ನು ಒಂದು ಸಲ ಕೇಳಿ ಹಾಗೇ ಇಟ್ಟುಕೊಂಡಿದ್ದಾಳೆ, ನಾನು ಹೇಳಿ ಹೇಳಿ ಸವೆಸಿದ್ದೇನೆ. ಹಾಗಾಗಿ ಕೊಪ್ಪ ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದ್ದೆ. ಒಂದು ಕಾಲೇಜಿನಲ್ಲಿ ಪಾಠ ಹೇಳಿ ಬಿಟ್ಟಿದ್ದೆ. ಔಷಧಿ ಮಾರುವವರ ಚೀಲ ಹೊತ್ತು ತಿರುಗಿ ಅದನ್ನೂ ಬಿಟ್ಟಿದ್ದೆ. ಮಂಡ್ಯದಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ ಮನೆಗೆ ಬಂದವರ ಮುಂದೆಲ್ಲ, "ಇವನಿಗೆ ಹಾಕಿದ ಮಣೆ ಬಿಸಿಯಾಗೋದೇ ಇಲ್ಲ" ಎನ್ನುತ್ತಿದ್ದರು. ಆಗ ಸಿಕ್ಕಿದ್ದು ಈ ತಾತ್ಕಾಲಿಕ ಕೆಲಸ. ಬೇರೆ ಸೀಮೆಗಳಿಂದ ಕಬ್ಬು ಕಡಿಯಲು, ಬೆಲ್ಲ ಕಾಯಿಸಲು ನಮ್ಮ ಕಡೆಗೆ ಬಂದ ಜನರಲ್ಲಿ ಕ್ಷಯ ಎಷ್ಟಿದೆ ಎಂದು ನೋಡುವ ಸಮೀಕ್ಷೆ ಅದು. ಮಂಡ್ಯದಲ್ಲಿದ್ದ ಒಬ್ಬ ಹಿರಿಯ ಡಾಕ್ಟರು ಅದರ ಹೊಣೆ ಹೊತ್ತಿದ್ದರು. ಅವರು ನನಗೆ ಸೂಜಿ ಹಾಕುವುದನ್ನು ಕಲಿಸಿ, ಒಂದು ಫ್ಲಾಸ್ಕಿನಲ್ಲಿ ಐಸು ತುಂಬಿಸಿ ಅದರೊಳಗೆ ಔಷಧಿಯ ಸೀಸೆ ಇಟ್ಟು, ಮದ್ದೂರು ತಾಲ್ಲೂಕಿಗೆ ಅಟ್ಟಿದರು.

ಪರೀಕ್ಷೆ ಇಷ್ಟೇ. ಕ್ಷಯದ ಕ್ರಿಮಿಯಿಂದ ತೆಗೆದ, ಜೀವವಿಲ್ಲದ ಸಾರ ಒಂದು ಹನಿ. ಅದನ್ನು ಮುಂಗೈಯ ಚರ್ಮದೊಳಕ್ಕೇ ಏರಿಸಬೇಕು, ಮಾಂಸಕ್ಕೆ ಇಳಿಯಬಾರದು. ಆ ಕ್ಷಣಕ್ಕೆ ತೊಗರಿಬೇಳೆಯಷ್ಟು ಬೊಬ್ಬೆ ಎದ್ದು ಇಳಿದುಹೋಗುತ್ತದೆ. ಮೂರನೇ ದಿನ ಹೋಗಿ ನೋಡಬೇಕು. ಕ್ರಿಮಿ ಎಂದಾದರೂ ಒಳಹೊಕ್ಕ ಮೈಯಾದರೆ ಅದಕ್ಕೆ ಗುರುತು ಸಿಗುತ್ತದೆ, ಸೂಜಿ ಚುಚ್ಚಿದ ಜಾಗ ಕೆಂಪಾಗಿ ಗಟ್ಟಿಯಾಗಿ ಊದುತ್ತದೆ. ಗುರುತೇ ಇಲ್ಲದಿದ್ದರೆ ಊದುವುದಿಲ್ಲ. ಪುಸ್ತಕದಲ್ಲಿ ಹೀಗೆ ಎರಡೇ ಸಾಲು. ನಾನು ಅದನ್ನು ನಂಬಿಕೊಂಡೇ ಕೊಪ್ಪದ ಬಸ್ಸು ಹತ್ತಿದೆ.

ಆಲೆಮನೆಯ ಯಜಮಾನರು ಗದ್ದೆ, ಕಬ್ಬು, ಎಮ್ಮೆ ಎಲ್ಲ ಇದ್ದ ಸ್ಥಿತಿವಂತರು. ಮಾತು ಒರಟು, ಮನಸ್ಸು ಅಷ್ಟು ಒರಟಲ್ಲ. ಅವರ ಹತ್ತಿರ ಬಳ್ಳಾರಿ ಕಡೆಯ ಕೆಲವು ಸಂಸಾರಗಳು ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಂಡಿದ್ದವು. ಒಣ ನೆಲದ ಜನ. ಇಲ್ಲಿಗೆ ಬಂದು ಕಾಲುವೆಯ ನೀರಲ್ಲಿ, ಕೆಸರಲ್ಲಿ ಬರಿಗಾಲಲ್ಲಿ ನಿಂತಿದ್ದರು. ತಮ್ಮ ಊರಿನ ಜ್ವರವನ್ನು ಜೊತೆಗೆ ತಂದಿದ್ದರು, ನಮ್ಮ ಊರಿನ ಹುಳುವನ್ನು ಕಾಲಿನಿಂದ ಹತ್ತಿಸಿಕೊಂಡಿದ್ದರು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಆ ದಿನ ನಾನು ಕಂಡದ್ದು ಸೂಜಿ ಕಂಡು ಹಿಂದೆ ಸರಿಯುತ್ತಿದ್ದ ಒಂದು ಗುಂಪನ್ನು ಮಾತ್ರ.

"ಮೊದ್ಲು ಯಜಮಾನ್ರಿಗೆ ಹಾಕ್ರಿ ಸರ. ಅವ್ರು ಉಳದ್ರ ನಾವೂ ಹಾಕ್ಸಿಕೊಂತೀವಿ" ಎಂದ, ಗಾಣಕ್ಕೆ ಕಬ್ಬು ಕೊಡುತ್ತಿದ್ದವನು. ಬಾಯಿಬಡುಕ ಆಳು. ಎಲ್ಲರೂ ನಕ್ಕರು.

"ಎಲಾ ಬಡ್ಡೈದ್ನೆ, ನಾನ್ ಸತ್ರೆ ನಿಂಗೆ ಇಟ್ಟು ಆಕೋರ್ಯಾರ್ಲಾ?" ಎನ್ನುತ್ತಲೇ ಯಜಮಾನರು ಅಂಗಿಯ ತೋಳು ಮಡಚಿ ಕೈ ಚಾಚಿದರು. ಚುಚ್ಚಿದಾಗ ಮುಖ ಕಿವುಚಿದ್ದನ್ನು ಎಲ್ಲರೂ ನೋಡಿದರು. ಅದಾದ ಮೇಲೆ ಸಾಲು ನೆಟ್ಟಗಾಯಿತು.

ಆ ಬಾಯಿಬಡುಕನ ಹೆಂಡತಿ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವ ಕೆಲಸದವಳು. ಕೊಪ್ಪರಿಗೆಯ ಕೆಳಗಿನ ಆ ಬಾಯಿಯ ಮುಂದೆ ಕೂತು ಕೂತು ಅವಳ ಮುಖ ಬಣ್ಣಗೆಟ್ಟಿತ್ತು. ಕೈ ಚಾಚಿದಾಗ ಬಳೆಗಳು ಮೊಣಕೈವರೆಗೂ ಜಾರಿದವು. ಅಷ್ಟು ತೆಳು. ಚುಚ್ಚುವಾಗ ಅವಳು ಕೆಮ್ಮಿದಳು, ನಾನು ಸೂಜಿ ತೆಗೆದು ಕಾದು ಮತ್ತೆ ಹಾಕಿದೆ.

"ಎಷ್ಟು ದಿನದಿಂದ ಕೆಮ್ಮು?"

"ಕೆಮ್ಮಲ್ರಿ ಸರ, ಹೊಗಿ. ಒಲಿ ಮುಂದ ಕುಂತ್ರ ನೀವೂ ಕೆಮ್ಮತೀರಿ."

ಮೂರನೇ ದಿನ ಹೋದೆ. ನನ್ನ ಹತ್ತಿರ ಒಂದು ಪ್ಲಾಸ್ಟಿಕ್ ಅಳತೆಪಟ್ಟಿ ಇತ್ತು. ಒಬ್ಬೊಬ್ಬರ ಕೈ ಹಿಡಿದು, ಬೆರಳಿನಿಂದ ಗಟ್ಟಿಯಾದ ಅಂಚನ್ನು ಹುಡುಕಿ, ಅಳೆದು ಹೇಳುತ್ತಿದ್ದೆ. ಬಹಳ ಜನರ ಕೈ ಊದಿತ್ತು. ಗಾಣದವನದು ಚೆನ್ನಾಗಿಯೇ ಊದಿತ್ತು, ಅದನ್ನು ಅವನು ಗೆದ್ದವನ ಹಾಗೆ ಎತ್ತಿ ತೋರಿಸುತ್ತಿದ್ದ. ಯಜಮಾನರು ಕೊಪ್ಪರಿಗೆಯ ಆಚೆ ನಿಂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ದನಿ ಎತ್ತಿದರು.

"ಊದಿರೋರೆಲ್ಲ ಇತ್ಲಾಗ್ ಬನ್ರಲಾ! ಗಂಟುಮೂಟೆ ಕಟ್ಟಿ. ಕಾಯ್ಲೆಯೋರ ಕೈಲಿ ಬೆಲ್ಲ ಉಯ್ಸುದ್ರೆ ನಾಳೆ ಊರೋರು ನನ್ ಮಕಕ್ಕುಗೀತಾರೆ."

ನಾನು ಅಡ್ಡ ಬಂದು ವಿವರಿಸಲು ನೋಡಿದೆ. ಊದಿದ್ದು ಕಾಯಿಲೆಯಲ್ಲ, ಕ್ರಿಮಿ ಎಂದೋ ಒಳಗೆ ಹೋಗಿದೆ, ಮೈ ಅದನ್ನು ಹಿಡಿದು ಕೂರಿಸಿದೆ, ನಮ್ಮಲ್ಲಿ ಎಷ್ಟೋ ಜನ ಹೀಗೇ ಬದುಕಿ ಬಾಳುತ್ತಾರೆ ಎಂದೆಲ್ಲ.

"ಅಂದ್ರೆ ಒಳಗೈತೆ ಅಂತ್ಲೆ ಅಲ್ವಾ?"

"ಇದೆ, ಆದರೆ..."

"ಅದೇ ಮತ್ತೆ!"

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ಬೆಲೆಯುಳ್ಳ ಪದ 'ಆದರೆ'. ಅದು ಆಲೆಮನೆಯಲ್ಲಿ ಬಿಕರಿಯಾಗಲಿಲ್ಲ. ಗಾಣದವನ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಹೆಂಗಸರೊಬ್ಬಿಬ್ಬರು ಸೆರಗಿನೊಳಗೆ ತೋಳು ಮುಚ್ಚಿಕೊಂಡರು.

ಅಲ್ಲೇ ಬೆಲ್ಲದ ಅಚ್ಚುಗಳ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದವರು ಯಜಮಾನರ ತಾಯಿ. ಎಪ್ಪತ್ತು ದಾಟಿರಬೇಕು. ಆಲೆಮನೆಯಲ್ಲಿ ಪಾಕದ ಹದ ಕೆಟ್ಟರೂ ಮನೆಯಲ್ಲಿ ಹಾಲು ಒಡೆದರೂ ಅವರೇ ಮೊದಲು ಹೇಳುವವರು.

"ನಿನ್ ಕೈ ತೋರ್ಸ್ಲಾ ಮೊದ್ಲು" ಎಂದರು ಮಗನಿಗೆ.

"ನಂದ್ಯಾಕವ್ವ?"

"ತೋರ್ಸು ಅಂದೆ."

ಯಜಮಾನರು ತೋಳು ಮಡಚಿದರು. ಅಷ್ಟೂ ಜನರಲ್ಲಿ ದೊಡ್ಡದು ಅವರದೇ. ಗೆಣಸಿನ ಹೋಳು ಇಟ್ಟ ಹಾಗೆ.

"ಅಂಗಾರೆ ನೀನೂ ಗಂಟು ಕಟ್ಲಾ" ಎಂದರು ಮುದುಕಿ. "ಬಳ್ಳಾರಿ ಬಸ್ಸು ಎಷ್ಟೊತ್ಗಂತೆ?"

ಗಾಣದವನು ನಗು ತಡೆಯಲಾರದೆ ಕಬ್ಬಿನ ಕಂತೆಯ ಹಿಂದೆ ಹೋಗಿ ಕೂತ. ಯಜಮಾನರೇ ಕೊನೆಗೆ ನಕ್ಕುಬಿಟ್ಟರು. ಗಂಟುಮೂಟೆಯ ಮಾತು ಅಲ್ಲಿಗೆ ನಿಂತಿತು. ನಾನು ಅರ್ಧ ಗಂಟೆ ಪಾಠ ಮಾಡಿದ್ದರೂ ಆಗದ ಕೆಲಸ.

ಆದರೆ ಆ ತಪ್ಪು ತಿಳುವಳಿಕೆಯ ಬೆನ್ನಿಗೇ ಇನ್ನೊಂದು ಹುಟ್ಟಿತು, ಅದೂ ಅದೇ ಮುದುಕಿಯಿಂದ. ಒಲೆಯ ಮುಂದಿನ ಆ ಹೆಂಗಸಿನ ಸರದಿ ಬಂದಾಗ ನಾನು ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ಚುಚ್ಚಿದ ಗುರುತೇ ಸರಿಯಾಗಿ ಸಿಗಲಿಲ್ಲ. ಬೆರಳಾಡಿಸಿದರೂ ಏನೂ ಇಲ್ಲ. "ಊದಿಲ್ಲ" ಎಂದೆ, ಅಷ್ಟೇ ಅಂದದ್ದು. ಮುದುಕಿ ಎದ್ದು ಬಂದು ಆ ಕೈಯನ್ನು ನನ್ನಿಂದ ಕಿತ್ತುಕೊಂಡು ಸವರಿ ನೋಡಿದರು.

"ನೋಡ್ರೋ ಇವ್ಳ್ ಕೈಯ, ಬೆಣ್ಣೆ ಸವರ್ದಂಗೈತೆ. ರಕ್ತ ಸುದ್ಧ ಅಂದ್ರೆ ಇದು ಕಣ್ರೋ! ನನ್ ಮಗನ್ ಕೈಯೂ ಐತೆ, ಗೆಣಸು ಬೆಳ್ದಂಗೆ."

ಅವರ ಮೊಮ್ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಮಗುವಿಗೆ ತಿಂಗಳೂ ತುಂಬಿರಲಿಲ್ಲ. ಬಾಣಂತಿಗೆ ನೀರು ಹಾಕಿ, ಮಗುವನ್ನು ನೋಡಿಕೊಳ್ಳಲು ಒಬ್ಬಳನ್ನು ಹುಡುಕುತ್ತಿದ್ದರು. ಹೊರಗಿನ ಜನರಿಂದ ಮಗುವಿಗೆ ಏನಾದರೂ ತಗಲೀತು ಎಂಬ ಹೆದರಿಕೆಗೆ ಯಾರನ್ನೂ ಒಪ್ಪಿರಲಿಲ್ಲ. ಈಗ ಸರ್ಕಾರದ ಸೂಜಿಯೇ ಆರಿಸಿ ಕೊಟ್ಟಂತಾಯಿತು.

"ನಾಳೆಯಿಂದ ಒಲೆ ತಾವ ಬೇಡ ಕಣವ್ವ. ಮನೆಗ್ಬಾ. ಮಗು ಎತ್ಕೊಂಡಿರು, ಉಂಡ್ಕೊಂಡಿರು."

ಆ ಹೆಂಗಸು ನಂಬಲಾರದೆ ಗಂಡನ ಕಡೆ ನೋಡಿದಳು. ಮತ್ತೆ ತನ್ನ ಕೈಯನ್ನೇ ನೋಡಿಕೊಂಡಳು. ಹೊಗೆಯಿಂದಾಚೆ ಹೋಗುವ ಕೆಲಸ, ಮನೆಯೊಳಗಿನ ಊಟ. ಅವಳಿಗೆ ಅಂಥ ದಿನ ಬಹಳ ಬಂದಿರಲಾರವು.

ನಾನು ಮದ್ದೂರಿಗೆ ಬಂದು ಅಲ್ಲಿಂದ ಮಂಡ್ಯದ ರೈಲು ಹಿಡಿದೆ. ಒಳಗೆ ಏನೋ ಚುಚ್ಚುತ್ತಿತ್ತು. ಒಲೆಯ ಮುಂದೆ ಕೂರುವ ಇತರರು ಅಷ್ಟು ಕೆಮ್ಮುತ್ತಿರಲಿಲ್ಲ. ಗಂಡನ ಕೈ ಊದಿದೆ, ಒಂದೇ ಗುಡಿಸಲಿನಲ್ಲಿ ಮಲಗುವ ಹೆಂಡತಿಯದು ಊದಿಲ್ಲ. ಸೂಜಿ ಆಳಕ್ಕೆ ಹೋಗಿತ್ತೆ? ಅವಳು ಕೆಮ್ಮಿದಾಗ ಔಷಧಿ ಚೆಲ್ಲಿತ್ತೆ? ಐಸು ಕರಗಿ ಸೀಸೆ ಬಿಸಿಲಿಗೆ ಕೆಟ್ಟಿತ್ತೆ? ಕೆಟ್ಟಿದ್ದರೆ ಗಂಡನದೂ ಊದಬಾರದಿತ್ತು, ಅದೇ ಸೀಸೆ. ಯಾವುದನ್ನೂ ಸುಲಭವಾಗಿ ನಂಬದವನಿಗೆ ಇರುವ ಕಷ್ಟವೆಂದರೆ ತನ್ನ ಅನುಮಾನವನ್ನೂ ಅವನು ನಂಬುವುದಿಲ್ಲ.

ಡಾಕ್ಟರ ಮನೆಗೆ ನೇರವಾಗಿ ಹೋದೆ. ಅವರು ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಎಲ್ಲ ಹೇಳಿದೆ.

"ಊದೋದು ಯಾರ ಕೆಲಸ ಅಂದುಕೊಂಡೆ? ಔಷಧಿದಲ್ಲ, ಮೈದು" ಎಂದರು ಅವರು, ಚೊಂಬು ಕೆಳಗಿಟ್ಟು. "ಮನೆಗೆ ಕಳ್ಳ ಬಂದರೆ ಕೂಗೋಕೆ ಉಸಿರು ಇರಬೇಕು. ಹೊಟ್ಟೇಲಿ ಹುಳು ರಕ್ತ ಕುಡೀತಿದೆ, ವರ್ಷಕ್ಕೆರಡು ಸಲ ಮಲೇರಿಯಾ ಬರುತ್ತೆ, ಉಣ್ಣೋದು ಅರೆಹೊಟ್ಟೆ, ಅದರ ಮೇಲೆ ಕ್ಷಯ. ಎಲ್ಲಾ ಬಾಗಿಲಲ್ಲೂ ಕಳ್ಳರಿದ್ದಾರೆ ಕಣಯ್ಯ. ಯಾರನ್ನ ನೋಡಿ ಕೂಗಬೇಕು ಆ ಮೈ? ಸುಮ್ಮನಾಗಿಬಿಡುತ್ತೆ. ಕಾಯಿಲೆ ಜೋರಾಗಿರೋರಲ್ಲೇ ಕೆಲವು ಸಲ ಊದಲ್ಲ."

"ಹಾಗಾದರೆ ಊದಿದವರೂ ಅನುಮಾನ, ಊದದವರೂ ಅನುಮಾನ. ಪರೀಕ್ಷೆಯಾದರೂ ಯಾಕೆ ಸಾರ್?"

"ಎಂ.ಎಸ್ಸಿ. ಓದಿದವನು ನೀನು, ಜಗಳ ಆಮೇಲೆ ಆಡು. ಅವಳ ಕಫ ತಗೊಂಡು ಬಾ. ರಕ್ತ, ಮಲ ಎರಡೂ ತಾ. ಮಗು ಎಷ್ಟು ದಿನದ್ದು ಅಂದೆ?"

ನಾನು ಹೇಳಿದೆ. ಅವರು ಚೊಂಬನ್ನು ಮತ್ತೆ ಕೈಗೆತ್ತಿಕೊಳ್ಳಲೇ ಇಲ್ಲ. "ನಾಳೆ ಬೆಳಿಗ್ಗೆಯೇ ಹೊರಡು" ಎಂದರು.

ಮಾರನೇ ದಿನ ಆ ಮನೆಯ ಜಗಲಿಗೆ ಹೋದಾಗ ಮುದುಕಿ ನನ್ನನ್ನು ನೋಡಿ ಹಿಗ್ಗಿದರು. ಆರಿಸಿಕೊಂಡ ಆಳಿನ ಬಗ್ಗೆ ಅವರಿಗೆ ಅಷ್ಟು ಸಂತೋಷ. ಮನೆಗೆ ಸೇರಿಸುವ ಮುಂಚೆ ತಾವೇ ಅವಳಿಗೆ ತಲೆಗೆ ಎರೆದು ಸೀಗೆಕಾಯಿ ಹಾಕಿ ಉಜ್ಜಿದ್ದರಂತೆ.

"ಪಾಪ, ಒಟ್ಟೆ ಮೇಲೆ ಬರೆ ಅವೆ ಕನಪ್ಪ. ಚಿಕ್ಕೋಳಾಗಿದ್ದಾಗ ಜ್ವರಗೆಡ್ಡೆಗೆ ಆಕ್ಸಿರೋವು. ಅಂಗೂ ಬದುಕಿ ಬಂದವ್ಳೆ ನೋಡು."

ಜ್ವರಗೆಡ್ಡೆ ಎಂದರೆ ಮಲೇರಿಯಾ ಬಂದು ಬಂದು ಹೊಟ್ಟೆಯ ಎಡಕ್ಕೆ ಗಡ್ಡೆಯಂತೆ ಬೆಳೆದ ಗುಲ್ಮ. ಕಾಯಿಸಿದ ಕಬ್ಬಿಣದಿಂದ ಅದರ ಮೇಲೆ ಬರೆ ಎಳೆಯುವುದು ಆ ಕಡೆಯೂ ಈ ಕಡೆಯೂ ಇದ್ದ ಪದ್ಧತಿ. ಡಾಕ್ಟರು ಎಣಿಸಿದ ಕಳ್ಳರಲ್ಲಿ ಒಬ್ಬನ ಗುರುತು ಸಿಕ್ಕಿತ್ತು.

ಆ ಹೆಂಗಸು ಒಳಗಿನಿಂದ ಬಂದಳು. ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಮಗುವನ್ನು ತೊಟ್ಟಿಲಿಗೆ ಹಾಕಿ ಬಂದಿದ್ದಳು. ಮೈಮೇಲೆ ಮನೆಯವರು ಕೊಟ್ಟ ಹಳೆಯ ಸೀರೆ. ಕಫ, ರಕ್ತ, ಮಲ ಬೇಕು ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ಕೊಟ್ಟಿಗೆಯ ಕಡೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಬ್ಯಾಡ್ರಿ ಸರ. ಕೈ ಊದಿಲ್ಲಲ್ರಿ, ನೀವಾ ಹೇಳೀರಿ."

"ಊದಿಲ್ಲ ಅಂದೆ. ಕಾಯಿಲೆ ಇಲ್ಲ ಅನ್ನಲಿಲ್ಲ."

"ನಮಗ ಎರಡೂ ಒಂದಾ ರೀ. ಮುಂಜಾನಿ ಈ ಅವ್ವ ನಂಗ ಉಣ್ಣಾಕ ಇಟ್ಟು ಎದುರಿಗೇ ಕುಂತಿದ್ದಳ್ರಿ. ನಮ್ಮ ಅವ್ವ ಸತ್ತಮ್ಯಾಲ ಹಂಗ ಯಾರೂ ಕುಂತಿಲ್ಲ."

ಅವಳನ್ನು ಹೆದರಿಸುವ ಮಾತೂ ನನಗೆ ಬರಲಿಲ್ಲ, ಸಮಾಧಾನದ ಸುಳ್ಳೂ ಬರಲಿಲ್ಲ. "ಮಗು ಚಿಕ್ಕದು" ಎಂದೆ. ಅದನ್ನು ನಾನು ಹೇಳಿದೆನೋ, ಒಳಗೆ ಮಗು ಅತ್ತು ಅದೇ ಹೇಳಿತೋ ಈಗ ಬಿಡಿಸಲಾರೆ. ಎರಡೂ ನನ್ನ ನೆನಪಿನಲ್ಲಿವೆ. ಅವಳು ಕೈ ನೀಡಿ ರಕ್ತ ಕೊಟ್ಟು, ನಾನು ತಂದಿದ್ದ ಡಬ್ಬಿಗಳನ್ನು ಇಸಿದುಕೊಂಡಳು. ಮುದುಕಿಯ ಹತ್ತಿರ ಹೋಗಿ, "ಅವ್ವಾರ, ನಂಗ ನೆಗಡಿ ಆದಂಗ ಆಗೈತಿ, ಇವತ್ತು ಕೂಸಿನ ಹತ್ರ ಬರಂಗಿಲ್ಲ" ಎಂದು ತಾನೇ ಹೇಳಿ ಹಿತ್ತಲಿಗೆ ಹೋದಳು. ಅದು ನನಗೆ ಚೆನ್ನಾಗಿ ನೆನಪಿದೆ, ಅದರಲ್ಲಿ ಅನುಮಾನವಿಲ್ಲ.

ಮಂಡ್ಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಫದಲ್ಲಿ ಕ್ಷಯದ ಕ್ರಿಮಿಗಳ ಕೆಂಪು ಕಡ್ಡಿಗಳು ಧಾರಾಳವಾಗಿ ಕಂಡವು. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ. ರಕ್ತದಲ್ಲಿ ಮಲೇರಿಯಾ, ಹೆಚ್ಚಿಲ್ಲ, ಹಳೆಯ ಬಾಡಿಗೆದಾರನಂತೆ. ರಕ್ತವೇ ನೀರು ಬೆರೆಸಿದ ಹಾಗಿತ್ತು.

ಸುದ್ದಿ ಹೇಳಲು ನಾನೇ ಹೋದೆ. ಯಜಮಾನರು ಕೆಂಡವಾದರು.

"ಇವತ್ತೇ ಬಸ್ಸತ್ಸು ಇಬ್ರುನ್ನೂವೆ! ಕೂಸಿಗೇನಾರ ಆದ್ರೆ ನಾನ್ ಮನ್ಸ ಆಗಿರಕ್ಕಿಲ್ಲ!"

ಗಾಣದವನು ಅಂಗಳದಲ್ಲಿ ನಿಂತಿದ್ದ. ಮುದುಕಿ ನನ್ನ ಕಡೆ ತಿರುಗಿದರು.

"ಕೈ ಊದ್ಲಿಲ್ವಲ್ಲಪ್ಪ. ನಾನೇ ಸವರಿ ನೋಡಿದ್ನಲ್ಲ."

ಡಾಕ್ಟರ ಕಳ್ಳರ ಮಾತನ್ನು ಅವರಿಗೂ ಹೇಳಿದೆ. ಕೂಗಲು ಉಸಿರಿಲ್ಲದ ಮೈ ಎಂದೆ. ಅವರು ಅದನ್ನು ಕೇಳಿ, ಮಗುವನ್ನು ಎತ್ತಿ ಮೊಮ್ಮಗಳ ತೊಡೆಗೆ ಕೊಟ್ಟು ಬಂದರು.

"ಅಷ್ಟೊಂದು ಸೋತೋಗಿರೋಳ್ನ ಬಸ್ಸತ್ಸಿದ್ರೆ ಎಲ್ಲಿ ಇಳೀತಾಳ್ಲಾ ಅವ್ಳು?" ಎಂದರು ಮಗನಿಗೆ. "ಸುಡುಗಾಡ್ನಾಗಿಳೀತಾಳೆ."

"ಅವ್ವಾ, ಕೂಸು..."

"ಕೂಸ್ನ ತಾವ ಬುಡಕ್ಕಿಲ್ಲ. ಪಂಪ್‌ಸೆಟ್ ಮನೆ ಖಾಲಿ ಬಿದ್ದೈತೆ, ಅಲ್ಲಿರ್ಲಿ. ಸೂಜಿ ಎಲ್ಲಿ ಆಕ್ತಾರಪ್ಪ? ಕೊಪ್ಪದಲ್ಲೇ ಆಕ್ತಾರಾ?"

"ಹಾಕುತ್ತಾರೆ. ದಿನಾ ಹಾಕಬೇಕು, ಕೆಲವು ತಿಂಗಳು. ಗುಳಿಗೆ ವರ್ಷಕ್ಕಿಂತ ಹೆಚ್ಚು ನುಂಗಬೇಕು. ನಡುವೆ ಬಿಡುವ ಹಾಗಿಲ್ಲ."

"ಮಗುಗೆ?"

"ಮಂಡ್ಯಕ್ಕೆ ಕರೆದುಕೊಂಡು ಬರಬೇಕು. ಡಾಕ್ಟರು ನೋಡಿ ಔಷಧಿ ಕೊಡುತ್ತಾರೆ."

"ನಾಳೀಕೆ ಬತ್ತೀವಿ" ಎಂದರು. ಯಜಮಾನರು ಮೇಲುಹೊದಿಕೆ ಕೊಡವಿ ಹೊರಗೆ ಹೋದರು. ಆದರೆ ಪಂಪ್‌ಸೆಟ್ ಮನೆಯ ಬೀಗದ ಕೈಯನ್ನು ಜಗಲಿಯ ಮೇಲೆ ಎಸೆದು ಹೋದರು.

ಮಗುವಿಗೆ ಏನೂ ಆಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಟರು ತಿಂಗಳುಗಟ್ಟಲೆ ಔಷಧಿ ಕೊಟ್ಟು ಕಾದರು, ಅದು ಗುಂಡುಗುಂಡಾಗಿ ಬೆಳೆಯಿತು. ಅವರ ಔಷಧಿ ಕಾಪಾಡಿತೋ, ಆ ಹೆಂಗಸು ಎತ್ತಿಕೊಂಡಿದ್ದು ಒಂದೇ ಹೊತ್ತಾದ್ದರಿಂದ ಉಳಿಯಿತೋ, ನನಗೆ ಗೊತ್ತಿಲ್ಲ.

ಪಂಪ್‌ಸೆಟ್ ಮನೆಯ ದಿನಗಳು ನನಗೆ ತುಂಡು ತುಂಡಾಗಿ ನೆನಪಿವೆ, ಏಕೆಂದರೆ ನಾನು ಬೇರೆ ಆಲೆಮನೆಗಳಿಗೂ ಓಡಾಡುತ್ತಿದ್ದೆ. ಮೊದಲು ಹುಳುವಿನ ಔಷಧಿ, ಮಲೇರಿಯಾದ ಕಹಿ ಗುಳಿಗೆ. ಜೊತೆಯಲ್ಲೇ ಕ್ಷಯದ್ದೂ ಶುರುವಾಯಿತು. ಬೆಳಿಗ್ಗೆ ಅವಳು ಕೊಪ್ಪಕ್ಕೆ ನಡೆದು ಸೂಜಿ ಹಾಕಿಸಿಕೊಂಡು ಬಂದು ಬಾವಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂರುತ್ತಿದ್ದಳು. ಮುದುಕಿ ಮುದ್ದೆ ಸಾರು ತಂದು ಮಾರು ದೂರದಲ್ಲಿ ಇಟ್ಟು, ತಾವು ಬದುವಿನ ಮೇಲೆ ಕೂತು ಕಾಯುತ್ತಿದ್ದರು.

ಒಂದು ದಿನ ನಾನು ಹೋದಾಗ ಜಗಳ ನಡೆದಿತ್ತು.

"ಉಣ್ಣೇ, ಇನ್ನೊಂದು ಮುದ್ದೆ ಉಣ್ಣೇ. ಆ ಸೊಪ್ಪು ಯಾಕೆ ಬುಟ್ಟಿದ್ದೀ?"

"ಹೊಟ್ಟಿ ತುಂಬೈತ್ರಿ ಅವ್ವಾರ. ಎಷ್ಟು ಉಣಸ್ತೀರಿ, ನಿಮ್ಮ ಎಮ್ಮಿ ಮಾಡಬೇಕಂತೀರಿ?"

"ನಮ್ ಎಮ್ಮೆ ನಿನ್ನಂಗೆ ಎದುರಾಡಕ್ಕಿಲ್ಲ ಕನವ್ವ."

ಅವಳು ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬರಲಿಲ್ಲ. ಮುದುಕಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ನೋಡಿದೆಯಾ ಎನ್ನುವಂತೆ.

ಯುಗಾದಿಯ ಹೊತ್ತಿಗೆ ಬಳ್ಳಾರಿಯವರ ಗುಂಪು ಊರಿಗೆ ಹೊರಟಿತು. ಅವಳು ಹೋಗಲೇಬೇಕೆಂದು ಹಟ ಹಿಡಿದಳು. ಸೂಜಿಯ ಅವಧಿ ಇನ್ನೂ ಇತ್ತು, ಮುದುಕಿ ಬಿಡಲಿಲ್ಲ. ಗಂಡ ಒಬ್ಬನೇ ಹೋಗಿ, ಹಬ್ಬ ಮುಗಿಸಿ, ಹತ್ತು ಹದಿನೈದು ದಿನದಲ್ಲಿ ಹೆಂಡತಿಯ ಬಟ್ಟೆಗಂಟಿನ ಸಮೇತ ವಾಪಸು ಬಂದ. "ಊರಾಗ ಎಲ್ರೂ ಕೇಳಿದ್ರು. ಇಕಿ ದೊಡ್ಡ ಮನ್ಯಾಗ ಕೂಸು ಆಡಸಾಕ ಹತ್ಯಾಳ ಅಂದೆ" ಎಂದ. ಮಳೆಗಾಲ ಬರುವಷ್ಟರಲ್ಲಿ ಅವಳ ಕಫದಲ್ಲಿ ಕ್ರಿಮಿ ಕಾಣುವುದು ನಿಂತಿತು. ಡಾಕ್ಟರು ಎರಡು ಸಲ ನೋಡಿ, ಇನ್ನು ಅವಳಿಂದ ಯಾರಿಗೂ ಭಯವಿಲ್ಲ, ಗುಳಿಗೆ ಮಾತ್ರ ಬಿಡಬಾರದು ಎಂದರು.

ಆದರೆ ಕೊಪ್ಪದಲ್ಲಿ ಅವಳ ಹೆಸರು ಹೋಗಿ 'ಪಂಪ್‌ಸೆಟ್ಟಿನೋಳು' ಆಗಿತ್ತು. ಅಂಗಡಿಯಲ್ಲಿ ಅವಳು ಕೊಟ್ಟ ಕಾಸನ್ನು ಹಲಗೆಯ ಮೇಲೆ ಇಡಿಸಿಕೊಳ್ಳುತ್ತಿದ್ದರು. ಆಲೆಮನೆಯ ಹೆಂಗಸರು ಅವಳ ಚೊಂಬು ಮುಟ್ಟುತ್ತಿರಲಿಲ್ಲ. ಮುದುಕಿ ಎಷ್ಟು ಬೈದರೂ ಇದು ಬದಲಾಗಲಿಲ್ಲ. ಮುದುಕಿಯಾದರೂ, ಡಾಕ್ಟರ ಮಾತು ಕೇಳಿದ ಮೇಲೂ, ಮಗುವನ್ನು ಅವಳ ಕೈಗೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಗೌರಿಹಬ್ಬಕ್ಕೆ ಮುಂಚೆ ಗಂಡ ಹೆಂಡತಿ ಗುಳಿಗೆಗಳ ಪೊಟ್ಟಣ ಕಟ್ಟಿಸಿಕೊಂಡು ಊರಿಗೆ ಹೋದರು. ಮುದುಕಿ ಮಡಿಲಿಗೆ ಅಕ್ಕಿ ಬೆಲ್ಲ ಕಾಯಿ ತುಂಬಿ ಕಳಿಸಿದರಂತೆ. ಮತ್ತೆ ಅವರು ಕೊಪ್ಪಕ್ಕೆ ಬರಲಿಲ್ಲ. "ಗುಳಿಗೆ ನುಂಗ್ತಾವ್ಳೋ ಇಲ್ವೋ" ಎಂದು ನಾನು ಹೋದಾಗಲೆಲ್ಲ ಮುದುಕಿ ಕೇಳುತ್ತಿದ್ದರು. ನನಗೂ ಅದೇ ಚಿಂತೆ. ಮೈ ಸುಧಾರಿಸಿತು ಎಂದು ನಡುವೆ ಬಿಟ್ಟವರು ಎಷ್ಟೋ ಜನ ಮತ್ತೆ ಬಿದ್ದು ಏಳದಿದ್ದದ್ದನ್ನು ನಾನು ನೋಡಿದ್ದೆ.

ಮುಂದಿನ ಸುಗ್ಗಿಯಲ್ಲಿ ಸಮೀಕ್ಷೆ ಮಳವಳ್ಳಿ ತಾಲ್ಲೂಕಿಗೆ ಹೋಯಿತು. ಅಲ್ಲೊಂದು ಆಲೆಮನೆ. ಸಾಲು ನಿಲ್ಲಿಸಿ ಸೂಜಿ ಸಿದ್ಧಮಾಡಿಕೊಳ್ಳುತ್ತಿದ್ದಾಗ ಸಾಲಿನಲ್ಲಿ ಕೊಪ್ಪದ ಆ ಗಾಣದವನು ನಿಂತಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿತು. ಬಾಯಿ ತೆರೆದ. ಪಕ್ಕದಲ್ಲಿದ್ದವಳು ಅವನಿಗಿಂತ ಮುಂಚೆ ಮಾತಾಡಿದಳು.

"ಯಾರಿವ್ರು? ನಾವು ಎಂದೂ ನೋಡಿಲ್ಲ ಬಿಡ್ರಿ. ಈ ಕಡಿ ಬಂದದ್ದಾ ಇದು ಮೊದಲ್ನೇ ವರ್ಷ."

ಅವಳ ಕೆನ್ನೆ ತುಂಬಿತ್ತು. ಬಳೆಗಳು ಮುಂಗೈಯಲ್ಲೇ ನಿಂತಿದ್ದವು. ಕಂಕುಳಲ್ಲಿ ಯಾರದೋ ಕೂಸು ಇತ್ತು, ಆಲೆಮನೆಯ ಇನ್ನೊಬ್ಬ ಹೆಂಗಸಿನದು ಇರಬೇಕು. ಅದರ ತಾಯಿ ಪಕ್ಕದಲ್ಲೇ ನಿಂತು ಹರಟುತ್ತಿದ್ದಳು.

ಅಲ್ಲಿನ ಯಜಮಾನ ಕೇಳಿದ: "ಗುರ್ತಾ ಸ್ವಾಮಿ?"

"ಇಲ್ಲ" ಎಂದೆ. "ಬೇರೆ ಯಾರೋ ಅಂದುಕೊಂಡೆ. ನನ್ನ ನೆನಪು ಅಷ್ಟು ನೆಟ್ಟಗಿಲ್ಲ."

ಗಾಣದವನು ಬಾಯಿ ಮುಚ್ಚಿಕೊಂಡು ನೆಲ ನೋಡಿದ. ಅವನಿಗೆ ಅದು ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಮೂರನೇ ದಿನ ಅವಳ ಕೈ ಹಿಡಿದೆ. ಊದಿತ್ತು. ಕೆಂಪಾಗಿ, ಗಟ್ಟಿಯಾಗಿ, ಬೆರಳಿಗೆ ಸ್ಪಷ್ಟವಾಗಿ ಸಿಗುವ ಅಂಚು. ಗಂಡನದಕ್ಕಿಂತ ಏನೂ ಕಡಿಮೆಯಿಲ್ಲ. ನಾನು ಅಳತೆಪಟ್ಟಿಯನ್ನು ಇಟ್ಟು ಮತ್ತೆ ಮತ್ತೆ ನೋಡಿದೆ. ಅವಳ ಮುಖ ಬಿಳುಪೇರಿತು.

"ಇದ್ಯಾಕ ಊದೈತ್ರಿ? ಹ್ವಾದಸಲ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಮತ್ತ ಬಂತೇನ್ರಿ ಸರ?"

"ಬಂದಿಲ್ಲ" ಎಂದೆ, ನಾನೂ ಅಷ್ಟೇ ಮೆಲ್ಲಗೆ. "ಆಗ ನಿನ್ನ ಮೈಗೆ ಕೂಗಲು ಶಕ್ತಿ ಇರಲಿಲ್ಲ. ಈಗ ಬಂದಿದೆ. ಗುಳಿಗೆ ಬಿಟ್ಟಿದ್ದೀಯಾ?"

"ಇಲ್ರಿ." ಸೊಂಟದ ಎಲೆಅಡಿಕೆ ಚೀಲದ ಮೇಲೆ ಕೈಯಿಟ್ಟಳು. "ಆದ್ರ ಮುಗಿಯಾಕ ಬಂದಾವ. ಇಲ್ಲಿ ಕೇಳಿದ್ರ ಎಲ್ರಿಗೂ ತಿಳೀತೈತಿ."

"ಸಂತೆಯ ದಿನ ಮಳವಳ್ಳಿ ಆಸ್ಪತ್ರೆಗೆ ಬಾ. ಸಂತೆಗೆ ಹೋಗ್ತೀನಿ ಅಂತ ಹೇಳಿ ಬಾ. ನಾನು ಅಲ್ಲಿರ್ತೀನಿ, ಕೊಡಿಸ್ತೀನಿ."

ಅವಳು ತಲೆಯಾಡಿಸಿ, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಏನಂತೆ ಸ್ವಾಮಿ ಅವ್ಳ್ದು?" ಎಂದ ಯಜಮಾನ, ಕೊಪ್ಪರಿಗೆಯ ಕಡೆಯಿಂದ.

"ಎಲ್ಲರದೂ ಹೇಗೋ ಹಾಗೆ. ನಿಮ್ಮದೂ ತೋರಿಸಿ" ಎಂದು ಅವನ ಕೈ ಹಿಡಿದೆ.